ಇನ್ನೊಬ್ಬ ಜಾನಿ ವಾಕರ್: ನೂರಾರು ಹಡಗುಗಳನ್ನು ಕಾಯ್ದವನು ತನ್ನನ್ನು ಕಾಯ್ದುಕೊಳ್ಳಲಿಲ್ಲ

ಜಾನಿ ವಾಕರ್ ಅಂದ ಕೂಡಲೇ ಹಲವರಿಗೆ ವಿಸ್ಕಿ ಬಾಟಲಿ ನೆನಪಾಗುತ್ತದೆ. ಹಳೆಯ ಹಿಂದಿ ಸಿನಿಮಾ ನೋಡುವವರಿಗೆ ಹಾಸ್ಯನಟ ನೆನಪಾಗುತ್ತಾರೆ. ಆದರೆ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಲ್ಲಿ ಆ ಹೆಸರಿನ ಇನ್ನೊಬ್ಬರಿದ್ದಾರೆ. ನದಿಯ ದಂಡೆಯಲ್ಲಿ ನೌಕಾಪಡೆಯ ಸಮವಸ್ತ್ರ ತೊಟ್ಟು ನಿಂತ ಅವರ ಪ್ರತಿಮೆಯನ್ನು 1998ರಲ್ಲಿ ಸ್ಥಾಪಿಸಲಾಯಿತು. ಅವರ ಪೂರ್ಣ ಹೆಸರು ಫ್ರೆಡರಿಕ್ ಜಾನ್ ವಾಕರ್. ವಿಸ್ಕಿಯ ಹೆಸರನ್ನೇ ಸಹೋದ್ಯೋಗಿಗಳು ಅವರಿಗೆ ಅಡ್ಡಹೆಸರಾಗಿ ಅಂಟಿಸಿದ್ದರು.

ಎರಡನೇ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ಸಾಗರದ ಸರಕು ಹಡಗುಗಳನ್ನು ಜರ್ಮನಿಯ ಸಬ್‌ಮರೀನ್‌ಗಳಿಂದ ಕಾಯ್ದ ಬೆಂಗಾವಲು ನಾಯಕರಲ್ಲಿ ವಾಕರ್ ಹೆಸರು ಮೊದಲು ಬರುತ್ತದೆ. ಮಿತ್ರಪಕ್ಷಗಳ ಬೇರೆ ಯಾವ ಕಮಾಂಡರ್ ಕೂಡ ಅವರಷ್ಟು ಸಬ್‌ಮರೀನ್ ಮುಳುಗಿಸಲಿಲ್ಲ. ಆದರೂ ಅವರು ಸತ್ತದ್ದು ಟಾರ್ಪಿಡೊದಿಂದಲ್ಲ, ಗುಂಡಿನಿಂದಲೂ ಅಲ್ಲ. 48ನೇ ವಯಸ್ಸಿನಲ್ಲಿ, ದಡದ ಮೇಲಿನ ಆಸ್ಪತ್ರೆಯಲ್ಲಿ, ಇಂದು ನಮ್ಮ ನಿಮ್ಮ ಮನೆಗಳಲ್ಲೂ ಕಾಣಿಸುವ ಒಂದು ಕಾಯಿಲೆಯಿಂದ. ಅವರ ಬದುಕಿನ ಜೊತೆಗೇ ಕೆಲವು ತಪ್ಪು ತಿಳಿವಳಿಕೆಗಳನ್ನೂ ನೋಡೋಣ ಬನ್ನಿ.

ಯಾರಿಗೂ ಬೇಡವಾದ ವಿಷಯ ಕಲಿತ ಹುಡುಗ

ವಾಕರ್ ಹುಟ್ಟಿದ್ದು 1896ರ ಜೂನ್ 3ರಂದು, ಪ್ಲಿಮತ್ ಎಂಬ ಬಂದರು ಊರಿನಲ್ಲಿ. 13ನೇ ವಯಸ್ಸಿಗೇ, ಅಂದರೆ 1909ರಲ್ಲಿ, ನೌಕಾಪಡೆಯ ಕೆಡೆಟ್ ಆದರು. ಓದಿನಲ್ಲಿ ಜಾಣರು. ಮೊದಲನೇ ಮಹಾಯುದ್ಧದಲ್ಲಿ ಮೊದಲು ದೊಡ್ಡ ಯುದ್ಧನೌಕೆಯೊಂದರಲ್ಲಿ, ಆಮೇಲೆ ಸಣ್ಣ ಡೆಸ್ಟ್ರಾಯರ್ ಹಡಗುಗಳಲ್ಲಿ ಕೆಲಸ ಮಾಡಿದರು. ಮದುವೆಯಾಗಿ ಮೂವರು ಗಂಡು ಮಕ್ಕಳು, ಒಬ್ಬ ಮಗಳು.

ಆ ಕಾಲದ ಬ್ರಿಟಿಷ್ ನೌಕಾಪಡೆಯಲ್ಲಿ ಮೇಲೆ ಬರಬೇಕಾದರೆ ದೊಡ್ಡ ಹಡಗು, ದೊಡ್ಡ ಫಿರಂಗಿಯ ಹಾದಿ ಹಿಡಿಯಬೇಕಿತ್ತು. ವಾಕರ್ ಆರಿಸಿಕೊಂಡದ್ದು ಸಬ್‌ಮರೀನ್ ಪತ್ತೆ ಮಾಡುವ ವಿದ್ಯೆ. ಪೋರ್ಟ್‌ಲ್ಯಾಂಡ್‌ನ ತರಬೇತಿ ಕೇಂದ್ರದಲ್ಲಿ ಅದನ್ನು ಕಲಿತರು, ಮುಂದೆ 1937ರಲ್ಲಿ ಅಲ್ಲೇ ಪ್ರಯೋಗಗಳ ಹೊಣೆ ಹೊತ್ತರು. ಆದರೆ ಅದನ್ನು ಪಡೆಯೊಳಗೆ ಯಾರೂ ದೊಡ್ಡ ವಿದ್ಯೆಯೆಂದು ಎಣಿಸುತ್ತಿರಲಿಲ್ಲ. ಕ್ಯಾಪ್ಟನ್ ಹುದ್ದೆಗೆ ಬಡ್ತಿ ಕೊಡುವಾಗ ವಾಕರ್ ಹೆಸರು ಬಿಟ್ಟುಹೋಯಿತು. 40 ದಾಟಿದ, ಬಡ್ತಿ ತಪ್ಪಿದ, ಬೇಗನೆ ನಿವೃತ್ತಿಯಾಗಲಿರುವ ಅಧಿಕಾರಿ: 1939ರಲ್ಲಿ ಯುದ್ಧ ಶುರುವಾದಾಗ ಅವರ ಸ್ಥಿತಿ ಇದು.

1940ರಲ್ಲಿ ಅವರು ಡೋವರ್‌ನಲ್ಲಿ ಅಡ್ಮಿರಲ್ ರಾಮ್ಸೆ ಅವರ ಕೈಕೆಳಗೆ ಇದ್ದರು. ಡನ್‌ಕರ್ಕ್ ತೀರದಿಂದ ಸೈನಿಕರನ್ನು ಕರೆತಂದ ಕಾರ್ಯಾಚರಣೆಯಲ್ಲಿ ದುಡಿದರು. ತಮ್ಮದೇ ಹಡಗು ಬೇಕೆಂಬ ಅವರ ಆಸೆ ಈಡೇರಿದ್ದು 1941ರ ಅಕ್ಟೋಬರ್‌ನಲ್ಲಿ. ಸ್ಟಾರ್ಕ್ ಎಂಬ ಸಣ್ಣ ಬೆಂಗಾವಲು ಹಡಗು ಮತ್ತು ಲಿವರ್‌ಪೂಲ್‌ನ 36ನೇ ಬೆಂಗಾವಲು ತಂಡ ಅವರ ಪಾಲಿಗೆ ಬಂತು. ತಂಡದಲ್ಲಿ ಎರಡು ಸ್ಲೂಪ್, ಏಳು ಕಾರ್ವೆಟ್. ಎರಡೂ ಸಣ್ಣ ಜಾತಿಯ ಯುದ್ಧನೌಕೆಗಳೇ.

ತಪ್ಪು ತಿಳಿವಳಿಕೆ 1: ಹಡಗುಗಳು ಗುಂಪಾಗಿ ಹೋದರೆ ಶತ್ರುವಿಗೆ ಸುಲಭದ ತುತ್ತು

ಕೇಳಲು ಇದು ಸರಿಯೆನಿಸುತ್ತದೆ. 40 ಹಡಗು ಒಟ್ಟಿಗೆ ಹೊರಟರೆ ಎಲ್ಲವೂ ಒಂದೇ ಕಡೆ ಸಿಕ್ಕಿಬೀಳುವುದಿಲ್ಲವೇ? ಮೊದಲನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಅನೇಕ ನೌಕಾ ಅಧಿಕಾರಿಗಳೂ ಹೀಗೇ ಯೋಚಿಸಿ ಗುಂಪು ಪ್ರಯಾಣವನ್ನು ವಿರೋಧಿಸಿದ್ದರು. 1917ರ ಏಪ್ರಿಲ್ ಒಂದೇ ತಿಂಗಳಲ್ಲಿ 8 ಲಕ್ಷ ಟನ್‌ಗೂ ಹೆಚ್ಚಿನ ಹಡಗುಗಳು ಮುಳುಗಿದ ಮೇಲೆ ಬೇರೆ ದಾರಿ ಕಾಣದೆ ಒಪ್ಪಿದರು. ನಷ್ಟ ಕಡಿಮೆಯಾಗತೊಡಗಿತು.

ಕಾರಣ ಸರಳ. ಸಾಗರ ತುಂಬಾ ದೊಡ್ಡದು, ಸಬ್‌ಮರೀನ್‌ಗೆ ಕಾಣಿಸುವ ವ್ಯಾಪ್ತಿ ತುಂಬಾ ಸಣ್ಣದು. ಅದಕ್ಕೆ ಸುತ್ತ 15 ಕಿಲೋಮೀಟರ್ ಕಾಣುತ್ತದೆ ಎಂದುಕೊಳ್ಳಿ. 40 ಹಡಗುಗಳು ಒಂದೊಂದಾಗಿ ಹೊರಟರೆ ಅವುಗಳಲ್ಲಿ ಒಂದಾದರೂ ಅದರ ಕಣ್ಣಿಗೆ ಬೀಳಲು 40 ಅವಕಾಶ. ಎಲ್ಲವೂ ಗುಂಪಾಗಿ ಹೊರಟರೆ ಆ ಗುಂಪಿನ ಅಗಲ ಕೆಲವೇ ಕಿಲೋಮೀಟರ್. ಹಾಗಾಗಿ ಗುಂಪು ಕಣ್ಣಿಗೆ ಬೀಳುವ ಸಾಧ್ಯತೆ ಒಂದು ಹಡಗು ಕಣ್ಣಿಗೆ ಬೀಳುವ ಸಾಧ್ಯತೆಗಿಂತ ಸ್ವಲ್ಪ ಮಾತ್ರ ಹೆಚ್ಚು. ಒಂದು ವೇಳೆ ಕಂಡರೂ ಎಲ್ಲ ಹಡಗುಗಳಿಗೆ ಹೊಡೆಯುವಷ್ಟು ಟಾರ್ಪಿಡೊ ಒಂದು ಸಬ್‌ಮರೀನ್‌ನಲ್ಲಿ ಇರುವುದಿಲ್ಲ.

ಇನ್ನೊಂದು ಲಾಭವಿದೆ. ಒಂಟಿ ಹಡಗುಗಳನ್ನು ಕಾಯಲು ಇಡೀ ಸಮುದ್ರ ಹುಡುಕಬೇಕು. ಗುಂಪನ್ನು ಕಾಯುವವರು ಹುಡುಕಬೇಕಾಗಿಲ್ಲ, ಸಬ್‌ಮರೀನ್ ತಾನಾಗಿಯೇ ಅವರ ಬಳಿ ಬರಬೇಕು.

ತಪ್ಪು ತಿಳಿವಳಿಕೆ 2: ಸೋನಾರ್ ಇದ್ದರೆ ಸಬ್‌ಮರೀನ್ ತಪ್ಪಿಸಿಕೊಳ್ಳಲಾರದು

ಯುದ್ಧಕ್ಕೆ ಮುಂಚೆ ಬ್ರಿಟಿಷರು ಬಹುವಾಗಿ ನಂಬಿದ್ದು ಸೋನಾರ್ ಯಂತ್ರವನ್ನು. ಅವರು ಅದನ್ನು ಆಸ್ಡಿಕ್ ಅನ್ನುತ್ತಿದ್ದರು. ಹಡಗಿನ ತಳದಿಂದ ನೀರಿನೊಳಗೆ ಶಬ್ದ ಕಳುಹಿಸುವುದು, ಅದು ಯಾವುದಕ್ಕಾದರೂ ಬಡಿದು ಪ್ರತಿಧ್ವನಿಯಾಗಿ ಬರುವುದನ್ನು ಕಾಯುವುದು, ಇಷ್ಟೇ ಅದರ ತತ್ತ್ವ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ. ಪ್ರತಿಧ್ವನಿ ಎರಡು ಸೆಕೆಂಡಿಗೆ ವಾಪಸ್ಸು ಬಂದರೆ ವಸ್ತು 1500 ಮೀಟರ್ ದೂರದಲ್ಲಿದೆ ಎಂದು ಲೆಕ್ಕ.

ಆದರೆ ಜರ್ಮನ್ ಅಡ್ಮಿರಲ್ ಡೋನಿಟ್ಜ್ ಅವರ ಯು-ಬೋಟ್‌ಗಳು ಹಗಲು ದೂರದಿಂದ ಹಿಂಬಾಲಿಸಿ, ರಾತ್ರಿ ನೀರಿನ ಮೇಲೆಯೇ ತೇಲಿಕೊಂಡು, ಹಲವು ಒಟ್ಟಾಗಿ ದಾಳಿ ಮಾಡತೊಡಗಿದವು. ನೀರಿನ ಮೇಲಿರುವ ಸಬ್‌ಮರೀನ್ ಆಸ್ಡಿಕ್‌ಗೆ ಸಿಗುವುದು ಕಷ್ಟ. ಮೇಲೆ ಅದು ಗಂಟೆಗೆ ಸುಮಾರು 30 ಕಿಲೋಮೀಟರ್ ಓಡುತ್ತಿತ್ತು, ಕಾರ್ವೆಟ್‌ಗಳಿಗೇ ಅಷ್ಟು ವೇಗ ಇರಲಿಲ್ಲ. ಮುಳುಗಿದರೆ ಮಾತ್ರ ಅದು ನಿಧಾನ, ಅರೆಕುರುಡು.

ಇದನ್ನು ಅರಿತ ವಾಕರ್ ಒಂದು ಉಪಾಯ ಹೂಡಿದರು. ಗುಂಪಿನಲ್ಲಿ ಯಾವ ಹಡಗಿಗೆ ಟಾರ್ಪಿಡೊ ಬಡಿದರೂ ಬೆಂಗಾವಲಿನ ಎಲ್ಲರೂ ಏಕಕಾಲಕ್ಕೆ ಹೊರಮುಖವಾಗಿ ತಿರುಗಿ, ಬೆಳಕಿನ ಗುಂಡು ಹಾರಿಸಿ, ಶತ್ರುವನ್ನು ನೀರೊಳಗೆ ಮುಳುಗುವಂತೆ ಮಾಡಬೇಕು. ಅದಕ್ಕೆ ಅವರಿಟ್ಟ ಹೆಸರು ಬಟರ್‌ಕಪ್. ಹೆಂಡತಿಯನ್ನು ಅವರು ಪ್ರೀತಿಯಿಂದ ಕರೆಯುತ್ತಿದ್ದುದು ಅದೇ ಹೆಸರಿನಿಂದ.

ಮೊದಲ ಪರೀಕ್ಷೆ: 32 ಹಡಗು

1941ರ ಡಿಸೆಂಬರ್ 14ರಂದು 32 ಸರಕು ಹಡಗುಗಳ ಗುಂಪು ಜಿಬ್ರಾಲ್ಟರ್‌ನಿಂದ ಬ್ರಿಟನ್ನಿಗೆ ಹೊರಟಿತು. ಅದರ ಗುರುತು ಎಚ್‌ಜಿ 76. ಕಾವಲಿಗೆ ವಾಕರ್ ತಂಡ, ಜೊತೆಗೆ ವಿಮಾನಗಳನ್ನು ಹೊತ್ತ ಆಡಾಸಿಟಿ ಎಂಬ ಸಣ್ಣ ಹಡಗು.

ಒಂದು ವಾರ ಹೋರಾಟ ನಡೆಯಿತು. 19ರ ಬೆಳಗಿನ ಜಾವ ಸ್ಟಾನ್ಲಿ ಎಂಬ ಡೆಸ್ಟ್ರಾಯರ್ ಟಾರ್ಪಿಡೊ ಬಡಿದು ಸ್ಫೋಟಿಸಿತು. ಹೊಡೆದದ್ದು ಯು-574. ಅದು ನೀರಿನ ಮೇಲೆ ಬಂದಾಗ ವಾಕರ್ ಅದರ ಬೆನ್ನು ಹತ್ತಿದರು. ಸಬ್‌ಮರೀನ್ ಗಿರಕಿ ಹೊಡೆಯುತ್ತಾ ಎಷ್ಟು ಹತ್ತಿರ ಇತ್ತೆಂದರೆ ಸ್ಟಾರ್ಕ್‌ನ ಫಿರಂಗಿಗಳನ್ನು ಅಷ್ಟು ಕೆಳಕ್ಕೆ ಬಾಗಿಸಲು ಆಗಲಿಲ್ಲ. ಕೊನೆಗೆ ವಾಕರ್ ತಮ್ಮ ಹಡಗಿನಿಂದಲೇ ಗುದ್ದಿ ಅದನ್ನು ಮುಳುಗಿಸಿದರು. 21ರ ರಾತ್ರಿ ಆಡಾಸಿಟಿ ಕಾವಲಿನ ವರ್ತುಲದಿಂದ ಹೊರಗೆ ಸಾಗುತ್ತಿತ್ತು. ಅಲ್ಲೇ ಟಾರ್ಪಿಡೊ ಬಿದ್ದು ಮುಳುಗಿತು.

ಲೆಕ್ಕ ಹಾಕಿದಾಗ 32ರಲ್ಲಿ 30 ಸರಕು ಹಡಗು ಉಳಿದಿದ್ದವು. ಜರ್ಮನಿ ಐದು ಸಬ್‌ಮರೀನ್ ಕಳೆದುಕೊಂಡಿತ್ತು. ಮರುವರ್ಷ ವಾಕರ್‌ಗೆ ತಪ್ಪಿದ್ದ ಕ್ಯಾಪ್ಟನ್ ಬಡ್ತಿ ಬಂತು.

ಇಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. 1942ರ ಆರಂಭದಲ್ಲಿ ಲಿವರ್‌ಪೂಲ್‌ನಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಯ ಕೈಕೆಳಗೆ ಒಂದು ಸಣ್ಣ ಘಟಕ ಶುರುವಾಯಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ನೌಕಾಪಡೆಯ ಮಹಿಳಾ ವಿಭಾಗದ ಚಿಕ್ಕ ವಯಸ್ಸಿನ ಹುಡುಗಿಯರು. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಆಟಿಕೆಯಂಥ ಹಡಗುಗಳನ್ನು ಸರಿಸುತ್ತಾ ಅವರು ನಡೆದುಹೋದ ಕಾಳಗಗಳನ್ನು ಮತ್ತೆ ಆಡಿ ನೋಡಿದರು. ಯು-ಬೋಟ್‌ಗಳು ಹೊರಗಿನಿಂದಲ್ಲ, ಗುಂಪಿನ ಸಾಲುಗಳ ಒಳಗೇ ನುಸುಳಿ ಹೊಡೆಯುತ್ತಿವೆ ಎಂದು ಅವರಿಗೆ ಹೊಳೆಯಿತು. ಹಾಗಿದ್ದರೆ ಬಟರ್‌ಕಪ್‌ನಂತೆ ಹೊರಮುಖವಾಗಿ ಓಡುವುದು ಎಷ್ಟೋ ಸಲ ತಪ್ಪು ದಿಕ್ಕು! ಅದರ ಬದಲು ಅವರು ರಾಸ್ಪ್‌ಬೆರಿ ಎಂಬ ಹೊಸ ತಂತ್ರ ರೂಪಿಸಿದರು. ಹೀರೋ ಒಬ್ಬರ ಉಪಾಯವನ್ನೂ ಪರೀಕ್ಷಿಸಿ ತಿದ್ದಬಹುದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಒಬ್ಬರು ಆಲಿಸಲಿ, ಇನ್ನೊಬ್ಬರು ಹೊಡೆಯಲಿ

1943ರಲ್ಲಿ ವಾಕರ್‌ಗೆ ಹೊಸ ತಂಡ ಸಿಕ್ಕಿತು: 2ನೇ ಬೆಂಬಲ ತಂಡ. ಸ್ಟಾರ್ಲಿಂಗ್, ವೈಲ್ಡ್ ಗೂಸ್, ಸಿಗ್ನೆಟ್, ರೆನ್, ವುಡ್‌ಪೆಕರ್, ಕೈಟ್. ಆರೂ ಹಕ್ಕಿಗಳ ಹೆಸರಿನ ಸ್ಲೂಪ್‌ಗಳು. ಇವು ಬ್ಲ್ಯಾಕ್ ಸ್ವಾನ್ ಮಾದರಿಯವು. ಇದೇ ಮಾದರಿಯ ಹಡಗುಗಳು ಆಗಿನ ರಾಯಲ್ ಇಂಡಿಯನ್ ನೇವಿಯಲ್ಲೂ ಇದ್ದವು, ಅವಕ್ಕೆ ನದಿಗಳ ಹೆಸರು. ಅವುಗಳಲ್ಲಿ ಕಾವೇರಿ, ಕೃಷ್ಣಾ ಎಂಬ ಎರಡು ಹಡಗುಗಳು ಸ್ವಾತಂತ್ರ್ಯದ ನಂತರ ಭಾರತೀಯ ನೌಕಾಪಡೆಯಲ್ಲಿ ಉಳಿದವು.

ಈ ತಂಡ ಒಂದೇ ಗುಂಪಿಗೆ ಅಂಟಿಕೊಂಡು ಸಾಗಬೇಕಿರಲಿಲ್ಲ. ಎಲ್ಲಿ ಅಪಾಯವೋ ಅಲ್ಲಿಗೆ ಓಡಬಹುದಿತ್ತು. ಒಮ್ಮೆ ಸಬ್‌ಮರೀನ್ ಸುಳಿವು ಸಿಕ್ಕರೆ ಎಷ್ಟು ಹೊತ್ತಾದರೂ ಅಲ್ಲೇ ಉಳಿಯಬಹುದಿತ್ತು. ಹಳೆಯದೊಂದು ಸಮಸ್ಯೆಗೆ ವಾಕರ್ ಉತ್ತರ ಕಂಡುಕೊಂಡದ್ದು ಇಲ್ಲಿ.

ಸಮಸ್ಯೆ ಇದು. ಆಸ್ಡಿಕ್‌ನ ಶಬ್ದ ಟಾರ್ಚ್ ಬೆಳಕಿನಂತೆ ಮುಂದಕ್ಕೆ ಹೋಗುತ್ತದೆ, ನೇರ ಕೆಳಕ್ಕಲ್ಲ. ಹಡಗು ಸಬ್‌ಮರೀನ್‌ಗೆ ತೀರಾ ಹತ್ತಿರ ಬಂದಾಗ ಪ್ರತಿಧ್ವನಿ ನಿಂತುಹೋಗುತ್ತದೆ. ಡೆಪ್ತ್ ಚಾರ್ಜ್ ಅಂದರೆ ಡ್ರಮ್ಮಿನಂಥ ಬಾಂಬು, ಅದನ್ನು ಹಡಗಿನ ಹಿಂಬದಿಯಿಂದ ನೀರಿಗೆ ಉರುಳಿಸಬೇಕು. ಸೆಕೆಂಡಿಗೆ ಮೂರು ಮೀಟರಿನಂತೆ ಮುಳುಗಿದರೂ 200 ಮೀಟರ್ ಆಳ ಮುಟ್ಟಲು ಒಂದು ನಿಮಿಷಕ್ಕಿಂತ ಹೆಚ್ಚು ಬೇಕು. ಮೇಲಿನ ಹಡಗು ವೇಗ ಹೆಚ್ಚಿಸಿದ ಸದ್ದು ಸಬ್‌ಮರೀನ್‌ನಲ್ಲಿದ್ದವರಿಗೆ ಕೇಳಿಸುತ್ತದೆ. ಆ ಒಂದು ನಿಮಿಷದಲ್ಲಿ ಅವರು ದಿಕ್ಕು ಬದಲಿಸಿ ಜಾರಿಕೊಳ್ಳುತ್ತಾರೆ. ಬಾಂಬು ಕೆಲವೇ ಮೀಟರ್ ಹತ್ತಿರ ಸಿಡಿಯದಿದ್ದರೆ ಸಬ್‌ಮರೀನಿನ ಗಟ್ಟಿ ಕವಚ ಒಡೆಯುವುದಿಲ್ಲ.

ವಾಕರ್ ಕೆಲಸವನ್ನು ಎರಡು ಹಡಗುಗಳಿಗೆ ಹಂಚಿದರು. ಒಂದು ಹಡಗು ಸುಮಾರು ಒಂದು ಕಿಲೋಮೀಟರ್ ಹಿಂದೆ ಇದ್ದುಕೊಂಡು ಆಸ್ಡಿಕ್‌ನಿಂದ ಸಬ್‌ಮರೀನನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು ಹಡಗು ತನ್ನ ಆಸ್ಡಿಕ್ ಆರಿಸಿ, ಗಂಟೆಗೆ ಒಂಬತ್ತು ಹತ್ತು ಕಿಲೋಮೀಟರ್ ವೇಗದಲ್ಲಿ, ಸದ್ದಿಲ್ಲದೆ ಬೆಕ್ಕಿನಂತೆ ಮುಂದೆ ಹೋಗುತ್ತದೆ. ಯಾವಾಗ ಬಾಂಬು ಬಿಡಬೇಕೆಂದು ಹಿಂದಿನ ಹಡಗು ತಿಳಿಸುತ್ತದೆ. ಕೆಳಗಿರುವವರಿಗೆ ದೂರದ ಹಡಗಿನ ಶಬ್ದ ಮಾತ್ರ ಕೇಳುತ್ತಿರುತ್ತದೆ, ಅದು ಹತ್ತಿರ ಬರುತ್ತಿಲ್ಲ ಎಂಬ ಸಮಾಧಾನದಲ್ಲಿ ಇರುತ್ತಾರೆ. ತಲೆಯ ಮೇಲೆ ಇನ್ನೊಂದು ಹಡಗು ಇರುವುದು ಬಾಂಬು ಸಿಡಿದ ಮೇಲೇ ಗೊತ್ತಾಗುವುದು.

ಇದಕ್ಕೆ ಬೇಕಾದದ್ದು ಆವೇಶವಲ್ಲ, ತಾಳ್ಮೆ. 1943ರ ಜೂನ್ 1ರಂದು ಸಿಕ್ಕ ಯು-202 ಬಹಳ ಆಳಕ್ಕೆ ಇಳಿದು ಸುಮಾರು 15 ಗಂಟೆ ತಪ್ಪಿಸಿಕೊಂಡಿತು. ಸಬ್‌ಮರೀನ್‌ನ ಗಾಳಿ, ಬ್ಯಾಟರಿ ಎಷ್ಟು ಹೊತ್ತು ಬರುತ್ತವೆ ಎಂಬ ಲೆಕ್ಕ ವಾಕರ್‌ಗೆ ಗೊತ್ತಿತ್ತು. ಕಾದರು. ಮಧ್ಯರಾತ್ರಿ ದಾಟುತ್ತಿದ್ದಂತೆ ಅದು ಮೇಲೆ ಬಂತು. ಕಾಯುತ್ತಿದ್ದ ಹಡಗುಗಳು ಅದನ್ನು ಮುಗಿಸಿದವು.

ಮಗ ಸಬ್‌ಮರೀನ್‌ನಲ್ಲಿ

ವಾಕರ್ ಬದುಕಿನ ಅತಿ ಕಹಿ ಸುದ್ದಿ ಬಂದದ್ದು 1943ರ ಆಗಸ್ಟ್‌ನಲ್ಲಿ. ಅವರ ಮಗ ತಿಮೋತಿ ಕೂಡ ನೌಕಾಪಡೆಯಲ್ಲಿದ್ದ, ಅದೂ ಸಬ್‌ಮರೀನ್ ವಿಭಾಗದಲ್ಲಿ. ಅವನಿದ್ದ ಪಾರ್ಥಿಯನ್ ಎಂಬ ಬ್ರಿಟಿಷ್ ಸಬ್‌ಮರೀನ್ ಮೆಡಿಟರೇನಿಯನ್ ಸಮುದ್ರದಿಂದ ವಾಪಸ್ಸು ಬರಲೇ ಇಲ್ಲ. ಕಡಲೊಳಗೆ ಮುಚ್ಚಿದ ಉಕ್ಕಿನ ಕೊಳವೆಯಲ್ಲಿ ಸಾಯುವುದು ಏನೆಂದು ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿದ್ದ ತಂದೆ ಮತ್ತೆ ಕೆಲಸಕ್ಕೆ ಮರಳಿದರು.

1944ರ ಜನವರಿ ಕೊನೆಯಿಂದ ಫೆಬ್ರವರಿವರೆಗಿನ ಒಂದೇ ಯಾನದಲ್ಲಿ ಅವರ ತಂಡ ಆರು ಯು-ಬೋಟ್ ಮುಳುಗಿಸಿತು. ಐದರಲ್ಲಿ ಒಬ್ಬರೂ ಬದುಕಲಿಲ್ಲ. ಆರನೆಯದಾದ ಯು-264ರ ಎಲ್ಲ 52 ಮಂದಿಯೂ ನೀರಿನಿಂದ ಮೇಲೆ ಬಂದು ಸೆರೆಯಾದರು. ವಾಕರ್ ತಂಡದ ವುಡ್‌ಪೆಕರ್ ಟಾರ್ಪಿಡೊಗೆ ಸಿಕ್ಕಿ, ಎಳೆದು ತರುವ ದಾರಿಯಲ್ಲಿ ಮುಳುಗಿತು. ಫೆಬ್ರವರಿ 25ರಂದು ಲಿವರ್‌ಪೂಲ್‌ಗೆ ಬಂದಾಗ ಸ್ಟಾರ್ಲಿಂಗ್‌ನ ಲೌಡ್‌ಸ್ಪೀಕರ್‌ನಲ್ಲಿ ವಾಕರ್‌ಗೆ ಇಷ್ಟವಾದ ಬೇಟೆಯ ಹಾಡಿನ ರಾಗ ಮೊಳಗುತ್ತಿತ್ತು. ದಂಡೆಯ ತುಂಬ ಜನ. ಸ್ವಾಗತಕ್ಕೆ ನೌಕಾ ಸಚಿವರೇ ಬಂದಿದ್ದರು.

ಈ ಸಂಭ್ರಮದ ಹಿಂದಿನ ಲೆಕ್ಕವನ್ನೂ ನೆನಪಿಡಬೇಕು. ಯುದ್ಧದಲ್ಲಿ ಜರ್ಮನಿಯ ಯು-ಬೋಟ್‌ಗಳಲ್ಲಿ ಹೋದ ನಾಲ್ವರಲ್ಲಿ ಸುಮಾರು ಮೂವರು ಸತ್ತರು. ಇನ್ನೊಂದು ಕಡೆ ಬ್ರಿಟನ್ನಿನ ಸರಕು ಹಡಗುಗಳ 30 ಸಾವಿರದಷ್ಟು ನಾವಿಕರು ಸತ್ತರು. ಆ ಹಡಗುಗಳ ಎಂಜಿನ್ ಕೋಣೆಗಳಲ್ಲಿ, ಅಡುಗೆಮನೆಗಳಲ್ಲಿ, ಡೆಕ್‌ಗಳ ಮೇಲೆ ದುಡಿದು ಪ್ರಾಣ ಬಿಟ್ಟವರಲ್ಲಿ ಲಸ್ಕರ್ ಎಂದು ಕರೆಯುತ್ತಿದ್ದ ಭಾರತೀಯ ನಾವಿಕರು ಸಾವಿರಾರು. ವಾಕರ್‌ರಂಥವರು ಕಾಯುತ್ತಿದ್ದುದು ಬರೀ ಗೋಧಿ, ಪೆಟ್ರೋಲನ್ನಲ್ಲ. ಇಂಥವರ ಜೀವವನ್ನು.

ಕೊನೆಯ ಎರಡು ದಿನ

ವಾಕರ್ ವಿಶ್ರಾಂತಿ ಪಡೆಯಲಿಲ್ಲ. ಮಾರ್ಚ್‌ನಲ್ಲಿ ರಷ್ಯಾದ ಕಡೆಗಿನ ಹಿಮಸಮುದ್ರದ ಹಾದಿ, ಜೂನ್‌ನಲ್ಲಿ ನಾರ್ಮಂಡಿ ದಾಳಿಯ ಹಡಗುಗಳಿಗೆ ಕಾವಲು. ದಿನಗಟ್ಟಲೆ ತೆರೆದ ಬ್ರಿಡ್ಜ್ ಮೇಲೆ, ಚಳಿ ಗಾಳಿಯಲ್ಲಿ, ತುಂಡು ತುಂಡು ನಿದ್ದೆ. ಜುಲೈ ಆರಂಭದಲ್ಲಿ ದಡಕ್ಕೆ ಬಂದರು. 7ರಂದು ಕುಸಿದರು. 9ರಂದು ಲಿವರ್‌ಪೂಲ್ ಪಕ್ಕದ ಸೀಫೋರ್ತ್‌ನ ನೌಕಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಂದರೆ ಸ್ಟ್ರೋಕ್, ನಮ್ಮಲ್ಲಿ ಲಕ್ವ ಅನ್ನುತ್ತಾರಲ್ಲ, ಅದು. ಲಿವರ್‌ಪೂಲ್ ಕೆಥೆಡ್ರಲ್‌ನಲ್ಲಿ ಪ್ರಾರ್ಥನೆ ಮುಗಿಸಿ, ಹೆಸ್ಪೆರಸ್ ಎಂಬ ಡೆಸ್ಟ್ರಾಯರ್‌ನಲ್ಲಿ ಒಯ್ದು ದೇಹವನ್ನು ಕಡಲಿಗೆ ಒಪ್ಪಿಸಿದರು. ಯುರೋಪಿನಲ್ಲಿ ಯುದ್ಧ ಮುಗಿಯಲು ಇನ್ನು ಹತ್ತು ತಿಂಗಳು ಬಾಕಿಯಿತ್ತು.

ಅತಿಯಾದ ದುಡಿಮೆಯೇ ಅವರನ್ನು ಕೊಂದಿತು ಎಂದು ಆಗಿನವರು ನಂಬಿದರು. ಒಬ್ಬ ವ್ಯಕ್ತಿಯ ಸ್ಟ್ರೋಕ್‌ಗೆ ಇಂಥದ್ದೇ ಕಾರಣ ಎಂದು ಬೆರಳಿಟ್ಟು ಹೇಳಲಾಗದು. ರಕ್ತದೊತ್ತಡ, ಧೂಮಪಾನ, ಸಕ್ಕರೆ ಕಾಯಿಲೆ, ವಯಸ್ಸು ಎಲ್ಲವೂ ಸೇರುತ್ತವೆ. ಆದರೆ ದುಡಿಮೆಗೂ ಸ್ಟ್ರೋಕ್‌ಗೂ ನಂಟಿರುವುದು ನಿಜ. ವಾರಕ್ಕೆ 35ರಿಂದ 40 ಗಂಟೆ ಕೆಲಸ ಮಾಡುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಸ್ಟ್ರೋಕ್ ಸಾಧ್ಯತೆ ಸುಮಾರು 35 ಶೇಕಡಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ತಿಳಿಸಿವೆ.

ತಪ್ಪು ತಿಳಿವಳಿಕೆ 3: ಸ್ಟ್ರೋಕ್ ಆದಾಗ ಬೆರಳಿಗೆ ಸೂಜಿ ಚುಚ್ಚಿದರೆ ಸಾಕು

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಮೆಸೇಜ್ ಬಂದಿರಬಹುದು. ಇದು ಸುಳ್ಳು. ತೊಂದರೆ ಇರುವುದು ಮಿದುಳಿನ ರಕ್ತನಾಳದಲ್ಲಿ, ಬೆರಳ ತುದಿಯ ಎರಡು ಹನಿ ರಕ್ತ ತೆಗೆದರೆ ಅಲ್ಲಿ ಏನೂ ಬದಲಾಗದು. ಸಮಯ ಮಾತ್ರ ಹೋಗುತ್ತದೆ.

ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲಿನ ಬಲ ಹೋದರೆ, ಮಾತು ತೊದಲಿದರೆ, ದೃಷ್ಟಿ ಇದ್ದಕ್ಕಿದ್ದಂತೆ ಮಂಜಾದರೆ ತಕ್ಷಣ 108ಕ್ಕೆ ಕರೆ ಮಾಡಿ. ಲಕ್ಷಣ ಶುರುವಾದ ಹೊತ್ತನ್ನು ಗುರುತಿಟ್ಟುಕೊಳ್ಳಿ. ಬಾಯಿಗೆ ನೀರು, ಮಾತ್ರೆ ಹಾಕಬೇಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಿರಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ವಾಕರ್ ಕಾಲದಲ್ಲಿ ಈ ಔಷಧಿಯೂ ಇರಲಿಲ್ಲ, ಸ್ಕ್ಯಾನೂ ಇರಲಿಲ್ಲ. ಈಗ ಇವೆ.

ಒಂದೇ ಹಡಗು ಆಲಿಸುವುದನ್ನೂ ಹೊಡೆಯುವುದನ್ನೂ ಮಾಡಲಾರದು ಎಂದು ಕಂಡುಕೊಂಡ ವಾಕರ್, ಹಡಗುಗಳ ಹೊರೆಯನ್ನು ಹಂಚಿದರು. ತಮ್ಮ ಹೊರೆಯನ್ನು ಮಾತ್ರ ಯಾರಿಗೂ ಹಂಚಲಿಲ್ಲ. ನಿದ್ದೆಗೆಟ್ಟು ದುಡಿಯುವವರನ್ನು ಹೊಗಳುವ ಫಾರ್ವರ್ಡ್ ಮುಂದಿನ ಸಲ ಬಂದರೆ, ಕಳುಹಿಸಿದವರಿಗೆ ಈ ಕಥೆಯನ್ನು ವಾಪಸ್ಸು ಕಳುಹಿಸಿ. ಆಮೇಲೆ ಮನೆಯಲ್ಲಿ 40 ದಾಟಿದವರು ಬಿಪಿ ನೋಡಿಸಿಕೊಂಡು ಎಷ್ಟು ದಿನವಾಯಿತೆಂದು ಒಮ್ಮೆ ಕೇಳಿ.